ದೀಪಕ್ಕೆ ಹಚ್ಚು, ಬಾವಿ ನೀರಿಗೆ ಸೇದು: ಪದಗಳ ಜೋಡಿಯನ್ನು ಕಂಪ್ಯೂಟರ್ ಹುಡುಕುವುದು ಹೇಗೆ?

ಹಿಂದಿ ಮನೆಮಾತಿನವರೊಬ್ಬರು ಬೆಂಗಳೂರಿಗೆ ಬಂದು ಶ್ರದ್ಧೆಯಿಂದ ಕನ್ನಡ ಕಲಿತಿದ್ದಾರೆ ಅಂತ ಇಟ್ಟುಕೊಳ್ಳಿ. ವಿಭಕ್ತಿ ಸರಿಯಾಗಿದೆ, ಕ್ರಿಯಾಪದದ ಕೊನೆ ಸರಿಯಾಗಿದೆ, ಉಚ್ಚಾರಣೆಯೂ ಚೆನ್ನಾಗಿದೆ. ಆದರೂ ಅವರು 'ನಿನ್ನೆ ಪರೀಕ್ಷೆ ಕೊಟ್ಟೆ' ಅನ್ನುತ್ತಾರೆ. 'ಫೋಟೋ ಎಳೆದೆ' ಅನ್ನುತ್ತಾರೆ. 'ಅವರು ಸಿಗರೇಟು ಕುಡಿಯುತ್ತಾರೆ' ಅನ್ನುತ್ತಾರೆ. ವ್ಯಾಕರಣದ ಪುಸ್ತಕ ಮುಂದಿಟ್ಟುಕೊಂಡು ಹುಡುಕಿದರೆ ಈ ಮೂರರಲ್ಲಿ ಒಂದೂ ತಪ್ಪು ಸಿಗುವುದಿಲ್ಲ. ಆದರೆ ನಾವು ಪರೀಕ್ಷೆ ಬರೆಯುತ್ತೇವೆ, ಫೋಟೋ ತೆಗೆಯುತ್ತೇವೆ, ಸಿಗರೇಟು ಸೇದುತ್ತೇವೆ. ಬಾವಿಯಿಂದ ನೀರನ್ನೂ ಸೇದುತ್ತೇವೆ. ಯಾಕೆ ಹೀಗೆ ಅಂತ ಅವರು ಕೇಳಿದರೆ ನಮ್ಮ ಹತ್ತಿರ ಉತ್ತರ ಇರಲ್ಲ. 'ಹಾಗೇ ಹೇಳೋದು' ಅಂತೀವಿ, ಅಲ್ವಾ?

ಈ 'ಹಾಗೇ ಹೇಳೋದು' ಅನ್ನುವ ಜೋಡಿಗಳಿಗೆ ಭಾಷಾಶಾಸ್ತ್ರದಲ್ಲಿ ಕೊಲೊಕೇಶನ್ ಅನ್ನುತ್ತಾರೆ. ನಾನು ಇಲ್ಲಿ ಸುಮ್ನೆ 'ಪದಜೋಡಿ' ಅಂತ ಕರೆಯುತ್ತೇನೆ. ಇವು ನುಡಿಗಟ್ಟುಗಳಲ್ಲ. 'ಕಣ್ಣಿಗೆ ಮಣ್ಣೆರಚು' ಅಂದರೆ ಮೋಸ ಮಾಡು ಅಂತ ಯಾರಾದರೂ ಹೇಳಿಕೊಡಬೇಕು. 'ಗಾಢ ನಿದ್ದೆ'ಗೆ ಹಾಗಿಲ್ಲ, ಎರಡೂ ಪದ ಗೊತ್ತಿದ್ದವರಿಗೆ ಅರ್ಥ ತಾನಾಗಿಯೇ ಆಗುತ್ತದೆ. ತೊಡಕು ಇರುವುದೂ ಅಲ್ಲೇ. ಕೇಳುವಾಗ ಎಲ್ಲ ಅರ್ಥವಾಗುವುದರಿಂದ ಇಲ್ಲಿ ಕಲಿಯಬೇಕಾದ್ದು ಏನೋ ಇದೆ ಅಂತ ಕಲಿಯುವವರಿಗೆ ಅನ್ನಿಸುವುದೇ ಇಲ್ಲ, ಆಮೇಲೆ ತಾವೇ ಬಾಯಿಬಿಟ್ಟು ಮಾತಾಡುವ ಹೊತ್ತಿಗೆ ದಟ್ಟ ನಿದ್ದೆ, ಗಾಢ ಕಾಡು ಅಂತ ಅದಲು ಬದಲಾಗಿ ಬರುತ್ತದೆ.

ಕಲಿಸುವವರು ಇದನ್ನು ಗಮನಿಸಿ ಬಹಳ ಕಾಲವಾಯಿತು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಹೆರಾಲ್ಡ್ ಪಾಮರ್ 1933ರಲ್ಲಿ ಟೋಕಿಯೋದಿಂದ ಒಂದು ವರದಿ ತಂದರು. ಇಂಗ್ಲಿಷಿನ ಇಂಥ ಜೋಡಿಗಳ ದೊಡ್ಡ ಪಟ್ಟಿ ಅದರಲ್ಲಿತ್ತು. ಎಲ್ಲವೂ ಕೈಯಲ್ಲೇ ಆರಿಸಿದ್ದು. 1957ರಲ್ಲಿ ಬ್ರಿಟನ್ನಿನ ಭಾಷಾಶಾಸ್ತ್ರಜ್ಞ ಜೆ. ಆರ್. ಫರ್ತ್, ಒಂದು ಪದ ಯಾರ ಸಹವಾಸದಲ್ಲಿರುತ್ತದೆ ಅಂತ ನೋಡಿದರೆ ಆ ಪದ ಎಂಥದ್ದು ಅಂತ ತಿಳಿಯುತ್ತದೆ ಎಂದರು. ಫರ್ತ್ ಅವರ ಶಿಷ್ಯ ಹ್ಯಾಲಿಡೇ 1966ರಲ್ಲಿ ಕೊಟ್ಟ ಉದಾಹರಣೆ ಇವತ್ತಿಗೂ ಪಾಠಗಳಲ್ಲಿ ಬರುತ್ತದೆ: ಟೀ 'ಸ್ಟ್ರಾಂಗ್' ಆಗಿರುತ್ತದೆ, ಕಾರು 'ಪವರ್‌ಫುಲ್' ಆಗಿರುತ್ತದೆ, ಎರಡನ್ನೂ ತಿರುಗಿಸಿ ಹೇಳಿದರೆ ಇಂಗ್ಲಿಷ್ ಮನೆಮಾತಿನವರ ಕಿವಿಗೆ ಕಿರಿಕಿರಿ.

ಕೈಯಲ್ಲಿ ಪಟ್ಟಿ ಮಾಡುವುದಕ್ಕೆ ಮಿತಿ ಇದೆ. ನಾವು ಹುಟ್ಟಿನಿಂದ ಆಡುವ ಭಾಷೆಯ ಜೋಡಿಗಳು ಕೇಳಿದ ತಕ್ಷಣ ನೆನಪಿಗೆ ಬರುವುದಿಲ್ಲ. 'ಹೊಡೆ' ಅನ್ನುವ ಪದ ತೆಗೆದುಕೊಳ್ಳಿ. ನಾಲ್ಕೈದು ಬಳಕೆ ಥಟ್ಟನೆ ಹೊಳೆಯುತ್ತದೆ, ಆಮೇಲೆ ನಿಲ್ಲುತ್ತದೆ. ನಿಜದಲ್ಲಿ ನಾವು ಗೊರಕೆ ಹೊಡೆಯುತ್ತೇವೆ, ಶಿಳ್ಳೆ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ, ಗೋಡೆಗೆ ಸುಣ್ಣ ಹೊಡೆಯುತ್ತೇವೆ, ಪಾಠ ಉರು ಹೊಡೆಯುತ್ತೇವೆ, ಸೊಳ್ಳೆಗೆ ಮದ್ದು ಹೊಡೆಯುತ್ತೇವೆ, ಸಂಜೆ ಹೊತ್ತು ಒಂದು ರೌಂಡ್ ಹೊಡೆದು ಬರುತ್ತೇವೆ. ಮೀನು ವಾಸನೆ ಹೊಡೆಯುತ್ತದೆ. ಅದೃಷ್ಟ ಇದ್ದವರಿಗೆ ಲಾಟರಿ ಹೊಡೆಯುತ್ತದೆ. 'ಹೊಡೆ' ಅಂದರೆ ಪೆಟ್ಟು ಕೊಡು ಅಂತಷ್ಟೇ ಕಲಿತು ಬಂದವರು ಈ ಊರಲ್ಲಿ ಎಷ್ಟು ಗಲಿಬಿಲಿಯಾಗಬೇಡ! ಇಂಥ ಪಟ್ಟಿ ಪೂರ್ತಿ ಬೇಕು ಅಂದರೆ ಜನ ಬರೆದದ್ದನ್ನು, ಆಡಿದ್ದನ್ನು ರಾಶಿ ಹಾಕಿಕೊಂಡು ಎಣಿಸಬೇಕು, ಆ ಕೆಲಸಕ್ಕೆ ಯಂತ್ರವೇ ಸರಿ.

ಎಣಿಕೆ ಹೇಗೆ ಅಂತ ಹತ್ತಿರದಿಂದ ನೋಡೋಣ. ಲೆಕ್ಕ ಸುಲಭವಾಗಲಿ ಅಂತ ಸಂಖ್ಯೆಗಳನ್ನು ನಾನೇ ಹಾಕಿಕೊಂಡಿದ್ದೇನೆ, ಇವು ಎಲ್ಲೋ ಎಣಿಸಿ ತಂದವಲ್ಲ. ನಮ್ಮ ಹತ್ತಿರ 10 ಲಕ್ಷ ಪದಗಳ ಕನ್ನಡ ಬರಹ ಇದೆ. ಅದರಲ್ಲಿ 'ದೀಪ' 200 ಸಲ ಬಂದಿದೆ, 'ಹಚ್ಚು' 150 ಸಲ. ಎರಡೂ ಅಕ್ಕಪಕ್ಕ ಬಂದದ್ದು 60 ಸಲ. ಈ 60 ಜಾಸ್ತಿಯೋ ಕಮ್ಮಿಯೋ? ಬರೀ ಸಂಖ್ಯೆ ನೋಡಿದರೆ ಗೊತ್ತಾಗಲ್ಲ, ಯಾಕೆಂದರೆ 'ಮಾಡು' ಥರದ ಪದ ಎಲ್ಲದರ ಪಕ್ಕದಲ್ಲೂ ಇರುತ್ತದೆ. ಅದಕ್ಕೇ ಇನ್ನೊಂದು ಪ್ರಶ್ನೆ ಕೇಳಬೇಕು. ಆ 10 ಲಕ್ಷ ಪದಗಳನ್ನೂ ಒಂದು ಚೀಲಕ್ಕೆ ಹಾಕಿ, ಚೆನ್ನಾಗಿ ಕುಲುಕಿ, ಸಾಲಾಗಿ ಸುರಿದಿದ್ದರೆ ಇವೆರಡು ಎಷ್ಟು ಸಲ ಅಕ್ಕಪಕ್ಕ ಬೀಳುತ್ತಿದ್ದವು? 200ನ್ನು 150ರಿಂದ ಗುಣಿಸಿ 10 ಲಕ್ಷದಿಂದ ಭಾಗಿಸಿ: 0.03. ಅಂದರೆ ಒಂದು ಸಲವೂ ಬೀಳುತ್ತಿರಲಿಲ್ಲ. ಬಿದ್ದದ್ದು 60 ಸಲ, ಆಕಸ್ಮಿಕವಾಗಿ ಆಗಬೇಕಿದ್ದಕ್ಕಿಂತ 2000 ಪಟ್ಟು.

ಈಗ 'ದೀಪ' ಮತ್ತು 'ಮಾಡು'. 'ಮಾಡು' 20,000 ಸಲ ಬಂದಿದೆ, 'ದೀಪ'ದ ಪಕ್ಕದಲ್ಲಿ 5 ಸಲ. ಆಕಸ್ಮಿಕವಾಗಿಯೇ 4 ಸಲ ಬೀಳಬೇಕಿತ್ತು. ಅಂದರೆ ಇಲ್ಲಿ ಏನೂ ವಿಶೇಷ ಇಲ್ಲ.

ಎಷ್ಟು ಪಟ್ಟು ಅನ್ನುವುದನ್ನು ಲಾಗರಿದಮ್‌ನಲ್ಲಿ ಬರೆದರೆ ಮ್ಯೂಚುವಲ್ ಇನ್ಫರ್ಮೇಶನ್ ಅನ್ನುವ ಅಂಕ ಸಿಗುತ್ತದೆ. 2ನ್ನು ಎಷ್ಟು ಸಲ ಗುಣಿಸುತ್ತಾ ಹೋದರೆ 2000 ಆಗುತ್ತದೆ? ಸುಮಾರು 11 ಸಲ. ಹಾಗಾಗಿ 'ದೀಪ ಹಚ್ಚು' ಜೋಡಿಗೆ 11 ಅಂಕ, 'ದೀಪ ಮಾಡು' ಜೋಡಿಗೆ ಬರೀ 0.3. ಕೆನೆತ್ ಚರ್ಚ್ ಅನ್ನುವ ಕಂಪ್ಯೂಟರ್ ವಿಜ್ಞಾನಿ ಮತ್ತು ಪ್ಯಾಟ್ರಿಕ್ ಹ್ಯಾಂಕ್ಸ್ ಅನ್ನುವ ನಿಘಂಟುಕಾರ ಸೇರಿ 1990ರಲ್ಲಿ ಪ್ರಕಟಿಸಿದ ಲೇಖನದಿಂದ ಈ ಲೆಕ್ಕ ನಿಘಂಟಿನ ಕೆಲಸಕ್ಕೆ ಬಂತು. ಒಬ್ಬ ನಿಘಂಟುಕಾರ ಇದರಲ್ಲಿ ಕೈಜೋಡಿಸಿದ್ದು ನನಗೆ ಮುಖ್ಯ ಅನ್ನಿಸುತ್ತದೆ. ಯಂತ್ರ ಏನು ಎಣಿಸಬಲ್ಲದು ಅಂತ ಒಬ್ಬರಿಗೆ ಗೊತ್ತಿತ್ತು, ಯಾವ ಎಣಿಕೆಯಿಂದ ಪ್ರಯೋಜನ ಅಂತ ಇನ್ನೊಬ್ಬರಿಗೆ.

ಆದರೆ ಈ ಅಂಕದಲ್ಲಿ ಒಂದು ದೊಡ್ಡ ದೋಷ ಇದೆ. ಇಡೀ ರಾಶಿಯಲ್ಲಿ ಒಂದೇ ಒಂದು ಸಲ ಬಂದ ಎರಡು ಪದಗಳು, ಒಂದು ಊರಿನ ಹೆಸರು ಮತ್ತು ಒಂದು ಅಚ್ಚಿನ ತಪ್ಪು ಅಂತಲೇ ಇಟ್ಟುಕೊಳ್ಳಿ, ಅಕ್ಕಪಕ್ಕ ಬಂದುಬಿಟ್ಟವು. ಲೆಕ್ಕ ಹಾಕಿದರೆ ಆಕಸ್ಮಿಕಕ್ಕಿಂತ 10 ಲಕ್ಷ ಪಟ್ಟು! ಅಂಕ ಸುಮಾರು 20. 'ದೀಪ ಹಚ್ಚು' ಗಿಂತ ಎಷ್ಟೋ ಮೇಲೆ. ಅಂಕದ ಪ್ರಕಾರ ಪಟ್ಟಿ ಮಾಡಿದರೆ ಮೊದಲ ಪುಟಗಳ ತುಂಬ ಇಂಥ ಕಸವೇ ಇರುತ್ತದೆ. ಇದಕ್ಕೆ ಬೇರೆ ಬೇರೆ ಮದ್ದು ಹುಡುಕಿದ್ದಾರೆ. ಟಿ-ಸ್ಕೋರ್ ಅನ್ನುವುದು, ಸಿಕ್ಕಿದ್ದರಲ್ಲಿ ಆಕಸ್ಮಿಕವನ್ನು ಕಳೆದು, ಸಿಕ್ಕಿದ ಸಂಖ್ಯೆಯ ವರ್ಗಮೂಲದಿಂದ ಭಾಗಿಸುತ್ತದೆ. ಅದರಲ್ಲಿ 'ದೀಪ ಹಚ್ಚು' 7.7 ಬರುತ್ತದೆ, ಆ ಕಸದ ಜೋಡಿ 1, 'ದೀಪ ಮಾಡು' ಅರ್ಧಕ್ಕಿಂತ ಕಮ್ಮಿ. ಚೆನ್ನಾಗಿದೆ, ಆದರೆ ಪದೇ ಪದೇ ಬರುವ ಪದಗಳ ಕಡೆಗೆ ಇದಕ್ಕೆ ವಾಲಿಕೆ ಜಾಸ್ತಿ. 1993ರಲ್ಲಿ ಟೆಡ್ ಡನಿಂಗ್ ತಂದ ಲಾಗ್-ಲೈಕ್ಲಿಹುಡ್, ಅಂದರೆ ಇಷ್ಟು ಸಲ ಬರೀ ಆಕಸ್ಮಿಕವಾಗಿ ಬರುವುದು ಎಷ್ಟು ಅಸಂಭವ ಅಂತ ಅಳೆಯುವ ಲೆಕ್ಕ, ಇನ್ನೊಂದು ದಾರಿ. ಮತ್ತೊಂದು, 2008ರಲ್ಲಿ ಜೆಕ್ ದೇಶದ ಪಾವೆಲ್ ರಿಖ್ಲಿ ಕೊಟ್ಟ ಲಾಗ್‌ಡೈಸ್. ಇದರಲ್ಲಿ ಯಾವ ಜೋಡಿಗೂ 14ಕ್ಕಿಂತ ಜಾಸ್ತಿ ಅಂಕ ಬರಲ್ಲ, ಬರಹದ ರಾಶಿ ದೊಡ್ಡದಿರಲಿ ಚಿಕ್ಕದಿರಲಿ ಅಂಕಗಳನ್ನು ಹೋಲಿಸಬಹುದು. ನಮ್ಮ 'ದೀಪ ಹಚ್ಚು' ಇದರಲ್ಲಿ 12.5 ಪಡೆಯುತ್ತದೆ, 'ದೀಪ ಮಾಡು' 3. ಇದರಲ್ಲೂ ಒಂದೇ ಸಲ ಬಂದ ಕಸದ ಜೋಡಿ ಪೂರ್ತಿ 14 ಹೊಡೆದುಕೊಂಡು ಹೋಗುತ್ತದೆ, ಅದಕ್ಕೇ ಇಂತಿಷ್ಟು ಸಲವಾದರೂ ಬಂದಿರಬೇಕು ಅಂತ ಮೊದಲೇ ಒಂದು ಗೆರೆ ಎಳೆಯುತ್ತಾರೆ.

ಸೂತ್ರಗಳ ಬಗ್ಗೆ ಇಷ್ಟು ಸಾಕು. ಯಾವ ಸೂತ್ರ ಹಿಡಿದರೂ 'ದೀಪ ಹಚ್ಚು' ಮೇಲೆ ಬರುತ್ತದೆ. ಕನ್ನಡದ ಮಟ್ಟಿಗೆ ಕೆಲಸ ನಿಲ್ಲುವುದು ಬೇರೆ ಕಡೆ.

ಮೊದಲನೆಯದು ಪದದ ಮೂಲ ರೂಪ ಹಿಡಿಯುವುದು. 'ಹಚ್ಚು' 150 ಸಲ ಬಂದಿದೆ ಅಂತ ಸಲೀಸಾಗಿ ಹೇಳಿಬಿಟ್ಟೆ. ಆದರೆ 'ಹಚ್ಚು' ಅಂತ ಹಾಗೇ ಬರೆದಿರುವುದು ಎಲ್ಲೋ ಒಂದೆರಡು ಕಡೆ. ಮಿಕ್ಕಿದ್ದೆಲ್ಲ ಹಚ್ಚಿದಳು, ಹಚ್ಚಿದರು, ಹಚ್ಚುತ್ತಾರೆ, ಹಚ್ಚುವ, ಹಚ್ಚಬೇಕು, ಹಚ್ಚದೆ, ಹಚ್ಚಿಟ್ಟ, ಹಚ್ಚೋಣ. ಈ ಕಡೆ ದೀಪವನ್ನು, ದೀಪಗಳನ್ನು, ದೀಪಕ್ಕೆ, ದೀಪಾನ. ಇವನ್ನೆಲ್ಲ ಬೇರೆ ಬೇರೆ ಪದ ಅಂತ ಎಣಿಸಿದರೆ 60 ಅನ್ನುವ ಸಂಖ್ಯೆ ಒಂದು ಎರಡು ಮೂರಾಗಿ ಚೂರಾಗುತ್ತದೆ, ಆಗ ಯಾವ ಸೂತ್ರವೂ ಕಾಪಾಡಲ್ಲ. ಉಟ್ಟಳು ಅಂದರೆ ಉಡು, ಕಂಡ ಅಂದರೆ ಕಾಣು, ಬಿತ್ತು ಅಂದರೆ ಬೀಳು, ಕಿತ್ತ ಅಂದರೆ ಕೀಳು ಅಂತ ಯಂತ್ರಕ್ಕೆ ಗೊತ್ತಿರಬೇಕು. ಅದಕ್ಕಿಂತಲೂ ಕಷ್ಟ, ಒಂದೇ ರೂಪಕ್ಕೆ ಹಲವು ಮೂಲ ಇರುವುದು. 'ಹೊತ್ತು' ಅಂದರೆ ಸಮಯ. ಮೂಟೆ ಹೊತ್ತು ತಂದ ಅಂದರೆ 'ಹೊರು'ವಿನ ರೂಪ. ಬೆಂಕಿ ಹೊತ್ತಿತು ಅಂದರೆ ಮೂರನೆಯದೇ ಪದ. ಮೇಲಿಂದ ಬರವಣಿಗೆಯ ರೂಢಿ ಒಬ್ಬೊಬ್ಬರದು ಒಂದೊಂದು: 'ಊಟ ಮಾಡಿ' ಅಂತ ಬಿಡಿಸಿ ಬರೆಯುವವರಿದ್ದಾರೆ, 'ಊಟಮಾಡಿ' ಅಂತ ಸೇರಿಸುವವರಿದ್ದಾರೆ. ಮೊಬೈಲಿನಲ್ಲಿ ಬರೆಯುವಾಗ 'ಮಾಡ್ತಾನೆ', 'ಮಾಡ್ತವ್ನೆ', 'ಮಾಡ್ತಾನ' ಎಲ್ಲವೂ ಬರುತ್ತದೆ, ಪುಸ್ತಕದ ಕನ್ನಡ ಮಾತ್ರ ಕಲಿತ ಯಂತ್ರ ಅಲ್ಲಿ ತಬ್ಬಿಬ್ಬಾಗುತ್ತದೆ.

ಎಲ್ಲವನ್ನೂ ಮೂಲಕ್ಕೆ ಇಳಿಸಿಬಿಟ್ಟರೂ ನಷ್ಟ ಇದೆ. 'ಹಚ್ಚಿಕೊಂಡಳು' ಅನ್ನುವುದನ್ನು 'ಹಚ್ಚು' ಅಂತ ಇಳಿಸಿದರೆ, 'ಮಗು ಅಜ್ಜಿಯನ್ನು ತುಂಬಾ ಹಚ್ಚಿಕೊಂಡಿದೆ' ಅನ್ನುವ ಪ್ರೀತಿಯ ಮಾತು 'ಎಣ್ಣೆ ಹಚ್ಚು', 'ಮುಲಾಮು ಹಚ್ಚು' ಜೊತೆ ಸೇರಿ ಮಾಯವಾಗುತ್ತದೆ. 'ಕೊಳ್ಳು' ಸೇರಿದಾಗ ಕನ್ನಡದಲ್ಲಿ ಅರ್ಥವೇ ತಿರುಗಿಬಿಡುವುದು ಮಾಮೂಲಿ. ಹಾಗಾಗಿ ಕನ್ನಡಕ್ಕೆ ಈ ಕೆಲಸ ಮಾಡುವವರು 'ಹಚ್ಚು' ಮತ್ತು 'ಹಚ್ಚಿಕೊಳ್ಳು' ಎರಡನ್ನೂ ಬೇರೆ ಬೇರೆ ಇಟ್ಟು ಎಣಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇಂಗ್ಲಿಷಿಗೆ ಮಾಡಿದ ಸಲಕರಣೆಯನ್ನು ತಂದು ಇಲ್ಲಿ ಹಾಗೇ ಓಡಿಸಿದರೆ ಇದು ತಪ್ಪಿಹೋಗುತ್ತದೆ.

ಅಕ್ಕಪಕ್ಕ ಅಂತ ಹೇಳುತ್ತಾ ಬಂದೆ, ಅದಕ್ಕೂ ಒಂದು ಮಾತು. 'ದೀಪವನ್ನು ತುಳಸಿ ಕಟ್ಟೆಯ ಮುಂದೆ ಇಟ್ಟು ಹಚ್ಚಿದಳು' ಅಂದಾಗ ಎರಡರ ನಡುವೆ ನಾಲ್ಕು ಪದ ಇವೆ. ಅದಕ್ಕೇ ಸಾಮಾನ್ಯವಾಗಿ ನಾಲ್ಕೈದು ಪದಗಳಷ್ಟು ಅಂತರವನ್ನು 'ಹತ್ತಿರ' ಅಂತ ಹಿಡಿಯುತ್ತಾರೆ. ಇದಕ್ಕಿಂತ ಒಳ್ಳೆಯದು, ವಾಕ್ಯದಲ್ಲಿ ಯಾವುದು ಕರ್ಮ ಯಾವುದು ಕ್ರಿಯಾಪದ ಅಂತ ಗುರುತಿಸಿ ಆ ಸಂಬಂಧ ಇರುವ ಜೋಡಿಗಳನ್ನಷ್ಟೇ ಎಣಿಸುವುದು. ಆ್ಯಡಂ ಕಿಲ್ಗಾರಿಫ್ ಅನ್ನುವ ಬ್ರಿಟಿಷ್ ವಿದ್ವಾಂಸ ಮತ್ತು ರಿಖ್ಲಿ ಸೇರಿ ಕಟ್ಟಿದ ಸ್ಕೆಚ್ ಎಂಜಿನ್ ಅನ್ನುವ ತಂತ್ರಾಂಶ ಇದನ್ನೇ ಮಾಡುತ್ತದೆ. ಒಂದು ಪದ ಕೊಟ್ಟರೆ ಅದು ಯಾವ ಕ್ರಿಯಾಪದಕ್ಕೆ ಕರ್ಮವಾಗಿ ಬರುತ್ತದೆ, ಯಾವ ವಿಶೇಷಣ ಅದರ ಹಿಂದೆ ಬರುತ್ತದೆ ಅಂತ ಒಂದೇ ಪುಟದಲ್ಲಿ ಸಾಲು ಸಾಲಾಗಿ ತೋರಿಸುತ್ತದೆ. ಇಂಥ ಪುಟಗಳನ್ನು ಮೊದಲು ಬಳಸಿದ್ದು 2002ರಲ್ಲಿ ಬಂದ ಮ್ಯಾಕ್‌ಮಿಲನ್ ಇಂಗ್ಲಿಷ್ ನಿಘಂಟಿಗೆ.

ಈಗ ನನ್ನ ಪ್ರಕಾರ ಸೂತ್ರಕ್ಕಿಂತ, ವ್ಯಾಕರಣ ಬಿಡಿಸುವ ತಂತ್ರಾಂಶಕ್ಕಿಂತ ದೊಡ್ಡ ಪ್ರಶ್ನೆ: ಎಣಿಸುವುದು ಯಾವ ಬರಹವನ್ನು? ಕನ್ನಡದಲ್ಲಿ ಕಂಪ್ಯೂಟರಿಗೆ ಸುಲಭವಾಗಿ ಸಿಗುವುದು ಸುದ್ದಿ ಮತ್ತು ವಿಕಿಪೀಡಿಯ. ಸುದ್ದಿಯ ರಾಶಿ ಹಾಕಿ ಎಣಿಸಿದರೆ ಮೇಲೆ ಬರುವುದು 'ಬಿಗಿ ಭದ್ರತೆ', 'ಚಾಲನೆ ನೀಡು', 'ಕ್ರಮ ಕೈಗೊಳ್ಳು', 'ಸಂತಾಪ ಸೂಚಿಸು', 'ಗಂಭೀರ ಗಾಯ'ದಂಥವು. ಇವೆಲ್ಲ ಒಳ್ಳೆಯ ಕನ್ನಡವೇ, ಪತ್ರಿಕೆ ಓದಬೇಕಾದವರಿಗೆ ಬೇಕೇ ಬೇಕು. ಆದರೆ ಹೊಸದಾಗಿ ಬಂದು ಮನೆ ಮಾಡಿದವರಿಗೆ ಬೇಕಾದದ್ದು ಬಾಡಿಗೆ ಕಟ್ಟುವುದು, ಬೀಗ ಹಾಕುವುದು, ಕರೆಂಟು ಹೋಗುವುದು, ನಲ್ಲಿಯಲ್ಲಿ ನೀರು ಬಿಡುವುದು, ಚಿಲ್ಲರೆ ಮಾಡಿಸುವುದು. ಅಡುಗೆಮನೆಗೆ ಬಂದರೆ ದೋಸೆ ಹುಯ್ಯಬೇಕು, ಚಪಾತಿ ಲಟ್ಟಿಸಬೇಕು, ಚಟ್ನಿ ರುಬ್ಬಬೇಕು, ಮಜ್ಜಿಗೆ ಕಡೆಯಬೇಕು, ಒಗ್ಗರಣೆ ಹಾಕಬೇಕು. ಮೈಗೆ ಬಂದರೆ ಸೀರೆ ಉಡಬೇಕು, ಬಳೆ ತೊಡಬೇಕು, ಹೂ ಮುಡಿಯಬೇಕು, ಕುಂಕುಮ ಇಡಬೇಕು. ಸುದ್ದಿಯ ರಾಶಿಯಲ್ಲಿ ಇವು ಬರುವುದು ಅಪರೂಪ. ಯಂತ್ರ ಸುಳ್ಳು ಹೇಳುವುದಿಲ್ಲ, ಕೊಟ್ಟದ್ದನ್ನು ಎಣಿಸಿ ಹೇಳುತ್ತದೆ. ಸುದ್ದಿ ಕೊಟ್ಟರೆ ಸುದ್ದಿಯ ಕನ್ನಡವನ್ನೇ 'ಸಹಜ ಕನ್ನಡ' ಅಂತ ಪಟ್ಟಿ ಮಾಡಿ ಕೊಡುತ್ತದೆ.

ಬ್ರಿಟನ್ನಿನವರು 1990ರ ದಶಕದಲ್ಲಿ 10 ಕೋಟಿ ಪದಗಳ ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಅನ್ನುವ ಸಂಗ್ರಹ ಕಟ್ಟಿದಾಗ ಅದರಲ್ಲಿ ಸುಮಾರು 1 ಕೋಟಿ ಪದ ಮಾತಿನಿಂದ ಬಂದದ್ದು. ಜನರಿಗೆ ರೆಕಾರ್ಡರ್ ಕೊಟ್ಟು, ಅವರ ದಿನದ ಮಾತುಕತೆಯನ್ನು ಕೇಳಿ ಕೇಳಿ ಬರೆದುಕೊಂಡರು. ದುಬಾರಿ ಕೆಲಸ, ನಿಧಾನದ ಕೆಲಸ. ಅದು ಇಲ್ಲದಿದ್ದರೆ ಮನೆಮಾತಿನ ಜೋಡಿಗಳು ಪಟ್ಟಿಗೇ ಬರುತ್ತಿರಲಿಲ್ಲ. ನಮ್ಮಲ್ಲಿ ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥಾನ ಕನ್ನಡ ಬರಹದ ಸಂಗ್ರಹ ಕಟ್ಟುತ್ತಾ ಬಂದಿದೆ, ಐಐಟಿ ಮದ್ರಾಸಿನ ಎಐ4ಭಾರತ್ ತಂಡ ಅಂತರ್ಜಾಲದಿಂದ ದೊಡ್ಡ ಪ್ರಮಾಣದಲ್ಲಿ ಕಲೆಹಾಕಿದೆ. ಅದರ ಜೊತೆಗೆ ಸಂತೆ, ಅಡುಗೆಮನೆ, ಗದ್ದೆ, ಬಸ್ ಸ್ಟ್ಯಾಂಡಿನ ಮಾತು ಬರಹವಾಗಿ ಸೇರಬೇಕು. ಅಡುಗೆ ವಿಡಿಯೋಗಳ ಮಾತನ್ನು ಅನುಮತಿ ಪಡೆದು ಬರಹಕ್ಕಿಳಿಸಿದರೂ ಎಷ್ಟೋ ಆಯಿತು.

ಇನ್ನು ಕಲಿಯುವವರ ಕಡೆಯಿಂದ ನೋಡೋಣ. ಅಂಕ ಜಾಸ್ತಿ ಬಂದ ಜೋಡಿಯೆಲ್ಲ ಅವರಿಗೆ ಬೇಕಾಗಿಲ್ಲ. 'ಪುಸ್ತಕ ಓದು' ಬಹಳ ಗಟ್ಟಿಯಾದ ಜೋಡಿ, ಆದರೆ ಅದನ್ನು ಯಾರೂ ತಪ್ಪು ಹೇಳುವುದಿಲ್ಲ. ಅವರ ಮನೆಮಾತಿನಲ್ಲಿ ಬೇರೆ ಥರ ಇರುವುದನ್ನು ಆರಿಸಿ ಕೊಟ್ಟರೆ ಮಾತ್ರ ಪಟ್ಟಿಗೆ ಬೆಲೆ. ಇದನ್ನೂ ಯಂತ್ರದ ಕೈಲಿ ಮಾಡಿಸಬಹುದು. ಹಿಂದಿಯ ಗಟ್ಟಿ ಜೋಡಿಗಳನ್ನು ಪದಕ್ಕೆ ಪದ ಕನ್ನಡಕ್ಕೆ ತಂದು, ಬಂದ ಜೋಡಿ ಕನ್ನಡದ ರಾಶಿಯಲ್ಲಿ ಇದೆಯೇ ನೋಡುವುದು. 'ಪರೀಕ್ಷೆ ಕೊಡು'ವಿಗೆ ಅಂಕ ಕಮ್ಮಿ, 'ಪರೀಕ್ಷೆ ಬರೆ'ಗೆ ಜಾಸ್ತಿ ಬಂದರೆ ಅದು ಹಿಂದಿಯವರ ಪಟ್ಟಿಗೆ ಸೇರುತ್ತದೆ. ತಮಿಳರೂ ಪರೀಕ್ಷೆ ಬರೆಯುವವರೇ ಆದ್ದರಿಂದ ಅವರ ಪಟ್ಟಿಯಲ್ಲಿ ಅದು ಬೇಡ. ಒಂದೇ ಪಠ್ಯಪುಸ್ತಕವನ್ನು ಎಲ್ಲರಿಗೂ ಹಂಚುವುದಕ್ಕಿಂತ ಇದು ಎಷ್ಟೋ ವಾಸಿ.

ಜೋಡಿ ಕೊಟ್ಟರೂ ಸಾಲದು, ಅದು ಕೂರುವ ವಾಕ್ಯದ ಚೌಕಟ್ಟನ್ನೂ ಕೊಡಬೇಕು. ನಾನು ನಿದ್ದೆ ಮಾಡಿದೆ, ಆದರೆ ನನಗೆ ನಿದ್ದೆ ಬಂತು. ನಾನು ಕನಸು ಕಂಡೆ, ಆದರೆ ನನಗೆ ಕನಸು ಬಿತ್ತು. ಅವನ ಮೇಲೆ ಸಿಟ್ಟು ಬಂತು, ನಾಯಿ ಕಂಡರೆ ಭಯ. 'ಸಿಟ್ಟು ಬರು' ಅಂತ ಬರೀ ಎರಡು ಪದ ಕಲಿತವರು 'ನಾನು ಸಿಟ್ಟು ಬಂದೆ' ಅಂದರೆ ಅದು ಪಟ್ಟಿಯ ತಪ್ಪು. ಜೋಡಿಯ ಹಿಂದೆ ಯಾವ ವಿಭಕ್ತಿ ಜಾಸ್ತಿ ಬರುತ್ತದೆ ಅಂತಲೂ ಎಣಿಸಬಹುದು, ವಿಭಕ್ತಿ ಪದಕ್ಕೇ ಅಂಟಿಕೊಂಡಿರುವುದರಿಂದ ಕನ್ನಡದಲ್ಲಿ ಇದು ಅಷ್ಟೇನೂ ಕಷ್ಟವಲ್ಲ.

ಉದಾಹರಣೆಯ ವಾಕ್ಯಗಳನ್ನೂ ಯಂತ್ರವೇ ಆರಿಸಿ ಕೊಡಬಲ್ಲದು. ಕಿಲ್ಗಾರಿಫ್ ಮತ್ತು ಜೊತೆಗಾರರು 2008ರಲ್ಲಿ ತೋರಿಸಿದ ಜಿಡೆಕ್ಸ್ ಅನ್ನುವ ವಿಧಾನ ಸಾವಿರಾರು ವಾಕ್ಯಗಳಿಗೆ ಅಂಕ ಹಾಕುತ್ತದೆ: ವಾಕ್ಯ ತೀರಾ ಉದ್ದ ಇರಬಾರದು, ಪೂರ್ತಿ ವಾಕ್ಯ ಆಗಿರಬೇಕು, ಅಪರೂಪದ ಪದ ಕಮ್ಮಿ ಇರಬೇಕು, ಅದು, ಅವನು ಅಂತ ಹಿಂದಿನ ವಾಕ್ಯದ ಕಡೆ ಬೆರಳು ತೋರಿಸುವ ಪದಗಳು ತುಂಬಿರಬಾರದು. 2014ರಲ್ಲಿ ಬಂದ ಸ್ಕೆಲ್ ಅನ್ನುವ ಉಚಿತ ತಾಣ ಇಂಗ್ಲಿಷ್ ಕಲಿಯುವವರಿಗೆ ಇದೇ ರೀತಿ ಆರಿಸಿದ ವಾಕ್ಯಗಳನ್ನು ತೋರಿಸುತ್ತದೆ. ಇಂಗ್ಲಿಷ್ ಬರೆಯುವಾಗ ಅನುಮಾನ ಬಂದರೆ ನೀವೂ ಒಮ್ಮೆ ಅಲ್ಲಿ ಪದ ಹಾಕಿ ನೋಡಿ.

ಈಗಿನ ಮಾತಾಡುವ ಎಐಗಳನ್ನೇ ಕೇಳಿದರೆ ಆಗಲ್ವಾ ಅಂತ ಅನ್ನಿಸಬಹುದು. ಕೇಳಬಹುದು, ಎಷ್ಟೋ ಸಲ ಸರಿಯಾಗಿಯೇ ಹೇಳುತ್ತವೆ. ಆದರೆ ಅವು ಎಣಿಸಿ ಹೇಳುವುದಿಲ್ಲ. ಓದಿದ್ದರಿಂದ ಆದ ಅಂದಾಜಿನ ಮೇಲೆ ವಾಕ್ಯ ಕಟ್ಟುತ್ತವೆ, ಅವು ಓದಿರುವ ಕನ್ನಡವೂ ಇಂಗ್ಲಿಷಿಗೆ ಹೋಲಿಸಿದರೆ ಬಹಳ ಕಮ್ಮಿ. ಅವು ಹೇಳಿದ ಜೋಡಿಯನ್ನು ಬರಹದ ರಾಶಿಯಲ್ಲಿ ಹುಡುಕಿ, ನಿಜವಾಗಿ ಜನ ಹಾಗೆ ಬರೆದ ನಾಲ್ಕು ವಾಕ್ಯ ಸಿಕ್ಕರೆ ಆಗ ಕಲಿಯುವವರ ಕೈಗೆ ಕೊಡಬೇಕು.

ತಪ್ಪು ತಿದ್ದುವ ಸಲಕರಣೆಗಳಿಗೂ ಇದೇ ಎಚ್ಚರ ಬೇಕು. 'ಫೋಟೋ ಎಳೆ' ಅಂತ ಬರೆದವರಿಗೆ 'ಫೋಟೋ ತೆಗೆ', 'ಫೋಟೋ ಹೊಡೆ' ಅಂತ ಸಾಮಾನ್ಯವಾಗಿ ಹೇಳುತ್ತಾರೆ ಅಂತ ಸೂಚಿಸಿದರೆ ಒಳ್ಳೆಯದು. ಆದರೆ ಅಂಕ ಕಮ್ಮಿ ಇದೆ ಅನ್ನುವ ಒಂದೇ ಕಾರಣಕ್ಕೆ ಕೆಂಪು ಗೆರೆ ಎಳೆಯಬಾರದು. ಧಾರವಾಡದ ಕಡೆ ಫೋನ್ ಹಚ್ಚುತ್ತಾರೆ, ಮೈಸೂರಿನ ಕಡೆ ಫೋನ್ ಮಾಡುತ್ತಾರೆ. ರೊಟ್ಟಿಯನ್ನು ಕೆಲವು ಕಡೆ ತಟ್ಟುತ್ತಾರೆ, ಉತ್ತರ ಕರ್ನಾಟಕದಲ್ಲಿ ಬಡಿಯುತ್ತಾರೆ. ಗಿಡದಿಂದ ಹೂವನ್ನು ಕೀಳುವವರಿದ್ದಾರೆ, ಕೊಯ್ಯುವವರಿದ್ದಾರೆ, ಬಿಡಿಸುವವರಿದ್ದಾರೆ. ಬೆಂಗಳೂರಿನ ಬರಹವನ್ನಷ್ಟೇ ಎಣಿಸಿದ ಯಂತ್ರ ಇವುಗಳಲ್ಲಿ ಒಂದನ್ನು ಸರಿ ಅಂತಲೂ ಮಿಕ್ಕವನ್ನು ತಪ್ಪು ಅಂತಲೂ ತೀರ್ಮಾನಿಸಿಬಿಡುತ್ತದೆ. ಆದ್ದರಿಂದ ಸಂಗ್ರಹಕ್ಕೆ ಸೇರುವ ಪ್ರತಿ ಬರಹ, ಪ್ರತಿ ಮಾತಿನ ಜೊತೆಗೂ ಅದು ಯಾವ ಜಿಲ್ಲೆಯದು ಅಂತ ಗುರುತು ಹಾಕಿಟ್ಟಿರಬೇಕು. ಆಗ ಹುಬ್ಬಳ್ಳಿಗೆ ವರ್ಗವಾಗಿ ಹೋಗುವ ಬ್ಯಾಂಕಿನವರಿಗೆ ಹುಬ್ಬಳ್ಳಿಯ ಜೋಡಿಗಳನ್ನು ಕೊಡಬಹುದು, ಮಂಗಳೂರಿಗೆ ಹೋಗುವವರಿಗೆ ಅಲ್ಲಿಯದನ್ನು.